ತೊಳೆಯದ ಬಟ್ಟಲು

ಆ ಬೇಸಿಗೆಯಲ್ಲಿ ಬೀದರಿನ ಅಂಚಿನ ನೌಬಾದಿನ ಓಣಿಗೆ ನೀರು ಬರುವ ಮೊದಲು ಸುಮಿತ್ರಾಬಾಯಿಯ ಮೊಬೈಲಿಗೆ ಕರೆ ಬರುತ್ತಿತ್ತು. ಟ್ಯಾಂಕರ್ ಓಡಿಸುವ ಉಸ್ಮಾನ ಮಿಯಾ ಪೆಟ್ರೋಲ್ ಪಂಪಿನ ಹತ್ತಿರ ಬಂದ ಕೂಡಲೇ ಫೋನ್ ಮಾಡಿ, “ಬಾಯಿ, ಬಂದೆ ನೋಡ್ರಿ, ಕೊಡಾ ಹಚ್ಚರಿ,” ಎನ್ನುತ್ತಿದ್ದ. ಓಣಿಯ ಮೊದಲ ಮನೆ ಅವಳದು. ಹಾಗಾಗಿ ಎಲ್ಲರೂ ಕೂಡಿ ಆ ಕೆಲಸ ಅವಳಿಗೆ ಒಪ್ಪಿಸಿದ್ದರು. ಅವಳು ಹೊರಗೆ ಬಂದು ಒಂದು ಕೂಗು ಹಾಕಿದರೆ ಸಾಕು, ಓಣಿಯ ತುಂಬ ಕೊಡಗಳ ಸದ್ದು.

ಎರಡು ಸಾವಿರದ ಹದಿನಾರನೆಯ ಇಸವಿ. ಮಳೆ ಮೇಲಿಂದ ಮೇಲೆ ಕೈಕೊಟ್ಟಿತ್ತು. ಸುಮಿತ್ರಾಳ ಗಂಡ ಹಾವಗೆಪ್ಪನದು ಪೈಪು, ಮೋಟರು, ಪ್ಲಾಸ್ಟಿಕ್ ಟ್ಯಾಂಕುಗಳ ಅಂಗಡಿ. ಊರು ಒಣಗಿದಷ್ಟೂ ಅವನಿಗೆ ಬಿಡುವಿಲ್ಲ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೇ ಮುಖ ಕಾಣುವುದು. ಮಗಳು ಅಂಬಿಕಾ ಪಿಯುಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು. ಮನೆಯ ಎಲ್ಲ ನೆನಪುಗಳನ್ನೂ ಸುಮಿತ್ರಾ ಒಬ್ಬಳೇ ಇಟ್ಟುಕೊಳ್ಳಬೇಕಿತ್ತು. ಗ್ಯಾಸು ಯಾವಾಗ ಮುಗಿಯುತ್ತದೆ, ಅತ್ತೆಯವರ ಬಿ.ಪಿ. ಗುಳಿಗೆ ಎಷ್ಟು ಉಳಿದಿವೆ, ಅಂಬಿಕಾಳ ಕೌನ್ಸೆಲಿಂಗಿಗೆ ಯಾವ ಕಾಗದ ಬೇಕು, ಯಾರ ಮದುವೆಗೆ ಹೋಗಿಲ್ಲ. ಇವುಗಳ ಮೇಲೆ ಮೊಬೈಲಿನ ಗ್ರೂಪುಗಳು ಬೇರೆ. ಟ್ಯಾಂಕರಿನದೊಂದು, ಕಾಲೇಜಿನದೊಂದು, ಬೀಗರದೊಂದು, ಬಸವಕೇಂದ್ರದ ಅಕ್ಕಂದಿರದೊಂದು. ಒಂದಕ್ಕೆ ಉತ್ತರ ಕೊಟ್ಟು ತಿರುಗುವುದರೊಳಗೆ ಇನ್ನೊಂದು ಗುಂಯ್ ಎನ್ನುತ್ತಿತ್ತು.

ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಎಂದು ನಿಂತುಬಿಡುವುದು ಶುರುವಾಯಿತು. ಪತ್ರಿಕೆಯ ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದು, ಆ ಸಾಲಿನ ಕೊನೆಗೆ ಬರುವುದರೊಳಗೆ ಮೊದಲು ಮರೆಯುವುದು. ಒಂದು ದಿನ ಒಲೆಯ ಮೇಲೆ ಹಾಲಿಟ್ಟು, ಬೀಗ ಹಾಕಿಕೊಂಡು ಸಂತೆಗೆ ಹೋದಳು. ಬರುವುದರೊಳಗೆ ಪಾತ್ರೆ ಸುಟ್ಟು ಕರಕಲಾಗಿ, ಕಿಟಕಿಯಿಂದ ಹೊಗೆ ಬರುತ್ತಿತ್ತು. ಅಂಬಿಕಾಳೇ ಅವಳನ್ನು ಬೀದರಿನೊಳಗಿನ ಲೇಡಿ ಡಾಕ್ಟರರ ಬಳಿ ಕರೆದುಕೊಂಡು ಹೋದಳು.

ಡಾಕ್ಟರು ರಕ್ತ ನೋಡಿದರು, ಕಣ್ಣು ನೋಡಿದರು, ಆಮೇಲೆ ಪೆನ್ನು ಕೆಳಗಿಟ್ಟು ನಕ್ಕರು.

“ತಲಿ ಸುದ್ದ ಅದಾರಿ ಬಾಯಿ ನಿಮ್ದು. ಖರೇ ಒಳಗ ಭಾಳ ಮಂದಿ ಕುಂತಾರ. ಒಬ್ಬೊಬ್ಬರನ್ನ ಎಬ್ಬಿಸಿ ಕಳಸ್ರಿ.”

“ಯಾರ್ನ ಕಳಸ್ಲಿರಿ ಡಾಕ್ಟರ್? ಎಲ್ಲಾರೂ ಮನಿಯವರೇ ಅದಾರ.”

“ಹಂಗಿದ್ರ ನೀವೇ ಎದ್ದು ಜರಾ ಹೊರಗ ಬರ್ರಿ. ಮೊದಲ ಸಮಾಧಾನ ಬೇಕಾದ್ರ ಏನ್ ಮಾಡ್ತಿದ್ರಿ?”

ಸುಮಿತ್ರಾ ಮಗಳ ಮುಖ ನೋಡಿದಳು. ಹೇಳಲು ಸ್ವಲ್ಪ ಸಂಕೋಚ. “ಬರೀತಿದ್ದೆರಿ. ಬ್ಲಾಗು.”

“ಅದು ಇನ್ನಾ ಅದಾ ಏನ್ರಿ?”

ಆಟೋದಲ್ಲಿ ಮನೆಗೆ ಬರುವವರೆಗೂ ಅವಳ ತಲೆಯಲ್ಲಿ ಅದೊಂದೇ ಪ್ರಶ್ನೆ ಇತ್ತು. ಎಷ್ಟೋ ದಿನಗಳ ಮೇಲೆ ಅಲ್ಲಿ ಒಂದೇ ವಿಷಯ ಕುಳಿತಿತ್ತು. ಅದನ್ನು ಗಮನಿಸಿ ಅವಳಿಗೇ ಆಶ್ಚರ್ಯವಾಯಿತು.

ಇತ್ತು. ಅಂಬಿಕಾಳ ಲ್ಯಾಪ್‌ಟಾಪಿನಲ್ಲಿ ತೆರೆದಾಗ, ಕೀಲಿ ಹಾಕಿ ಹೋದ ಮನೆಯ ಹಾಗೆ ಎಲ್ಲವೂ ಇದ್ದಲ್ಲೇ ಇತ್ತು. ಮೇಲೆ ‘ನೌಬಾದ ಹೊಸ್ತಿಲು’ ಎಂಬ ಹೆಸರು, ಅವಳೇ ಆರಿಸಿದ ಅರಿಶಿನದ ಬಣ್ಣ. ಬದಿಗೆ ‘ಆಜೂಬಾಜೂ ಮನಿ’ ಎಂದು ಎರಡು ಹೆಸರು: ಗೋರಖನಾಥನ ‘ಔರಾದ ಮೋಟರ್ ಸ್ಟ್ಯಾಂಡ್’, ಅಂಜನಾಳ ‘ಭಾಲ್ಕಿ ಪಡಸಾಲಿ’.

ಔರಾದ ಸುಮಿತ್ರಾಳ ತವರು. ಅಂಬಿಕಾ ಸಣ್ಣವಳಿದ್ದಾಗ ಒಂದು ಬೇಸಿಗೆ ಅಲ್ಲಿಗೆ ಹೋದವಳು, ಬಸ್ ಸ್ಟ್ಯಾಂಡಿನ ಎದುರಿಗಿದ್ದ ಗೋರಖನಾಥನ ಕಂಪ್ಯೂಟರ್ ಸೆಂಟರಿಗೆ ಟೈಪಿಂಗ್ ಕಲಿಯಲು ಸೇರಿದ್ದಳು. ಅಲ್ಲಿಯೇ ಪಕ್ಕದ ಕುರ್ಚಿಯಲ್ಲಿ ಅಂಜನಾ ಕುಳಿತಿರುತ್ತಿದ್ದಳು. ಹತ್ತಿರದ ಹಳ್ಳಿಯೊಂದರ ಶಾಲೆಗೆ ಹೊಸದಾಗಿ ಬಂದ ಭಾಲ್ಕಿಯ ಮಾಸ್ತರಬಾಯಿ. ಕರೆಂಟು ಇರುವಷ್ಟು ಹೊತ್ತು ಟೈಪಿಂಗು, ಹೋದ ಮೇಲೆ ಹರಟೆ. ಹರಟೆಯೇ ಹೆಚ್ಚು. ಒಂದು ದಿನ ಗೋರಖನಾಥ ಕೀಬೋರ್ಡ್ ಮುಂದೆ ಸರಿಸಿ, “ನೀವಿಬ್ರೂ ಇಷ್ಟು ಮಾತಾಡ್ತೀರಿ, ಇದನ್ನೇ ಟೈಪ್ ಮಾಡ್ರಿ ನೋಡ್ಮು. ಬೆರಳಿಗಿ ರೂಢಿ ಆತದ, ನನ್ನ ಕಿವಿಗಿ ಆರಾಮ ಆತದ,” ಎಂದಿದ್ದ. ಹಾಗೆ ಹುಟ್ಟಿದ್ದು ಆ ಮೂರು ಬ್ಲಾಗುಗಳು. ಮೂರನ್ನೂ ಕೂಡಿಸಿ ‘ಮೂರೂರ ಕಟ್ಟಿ’ ಎನ್ನುತ್ತಿದ್ದರು.

ಆಗಿನ ಇಂಟರ್ನೆಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯುತ್ತಿತ್ತು, ಸೆರಗು ಜಾರಿದ ಹಾಗೆ. ಮೊದಲು ಹೆಸರು, ಆಮೇಲೆ ಒಂದು ಸಾಲು, ಆಮೇಲೆ ಇನ್ನೊಂದು. ಕಾಯುವುದರಲ್ಲೇ ಸುಖವಿತ್ತು. ಸುಮಿತ್ರಾ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಬರೆದಿಟ್ಟುಕೊಂಡು, ಮಗಳು ಮಲಗಿದ ಮಧ್ಯಾಹ್ನ ಓಣಿಯ ಸೈಬರ್ ಕೆಫೆಗೆ ಓಡಿ ಟೈಪ್ ಮಾಡಿ ಬರುತ್ತಿದ್ದಳು. ಪುಂಡಿಪಲ್ಯದ ಹುಳಿ, ಕೌದಿಗೆ ಹಚ್ಚಿದ ಅಮ್ಮನ ಸೀರೆಯ ತುಂಡು, ಕೋಟೆಯ ಗೋಡೆಯ ಮೇಲೆ ಕುಳಿತ ಗಿಳಿಗಳು, ಅಂಬಿಕಾ ಮೊದಲ ದಿನ ಶಾಲೆಗೆ ಹೋಗಿ ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದದ್ದು. ಇಂಥವೇ. ಆದರೆ ಅವನ್ನು ಓದಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಕಮಠಾಣದ ಕಾಲೇಜು ಹುಡುಗಿ, ಹೈದರಾಬಾದಿನಲ್ಲಿ ಗಾರೆ ಕೆಲಸಕ್ಕೆ ಹೋದವನು, ಪುಣೆಯಲ್ಲಿ ಕಾವಲು ಕೆಲಸ ಮಾಡುವ ಒಬ್ಬ ಕಾಕಾ. ಆ ಕಾಕಾ ಒಮ್ಮೆ ಬರೆದಿದ್ದ: “ಅಕ್ಕಾವ್ರೇ, ಈ ವರ್ಷ ಊರಿಗಿ ಬರಾಕ ಆಗಲ್ಲ. ಹಸಿ ಜೋಳದ ಸೀತನಿ ಸುಡೋ ವಾಸನಿ ಹ್ಯಾಂಗಿರ್ತದ, ಜರಾ ಬರೀರಿ.” ಸುಮಿತ್ರಾ ಎರಡು ಪುಟ ಬರೆದಿದ್ದಳು.

ಕಟ್ಟೆಗೆ ಒಂದು ರಿವಾಜು ಇತ್ತು. ಅದು ಹೇಗೆ ಬಂತೆಂದರೆ, ಮೊದಲ ಸಲ ಸುಮಿತ್ರಾ ಗೋರಖನಾಥನ ಬರಹದ ಕೆಳಗೆ ನಾಲ್ಕು ಒಳ್ಳೆಯ ಮಾತು ಬರೆದಳು. ಮರುದಿನ ಅವನು ಅವಳ ಬ್ಲಾಗಿಗೆ ಬಂದು, “ನಿನ್ನ ಬಟ್ಟಲ ವಾಪಸ್ ತಂದೇನಿ ತಂಗಿ, ಖಾಲಿ ತಂದಿಲ್ಲ,” ಎಂದು ಶುರುಮಾಡಿ ಎಂಟು ಸಾಲು ಬರೆದ. ನೆರೆಮನೆಯಿಂದ ಪಲ್ಯ ಬಂದ ಬಟ್ಟಲನ್ನು ಈ ಕಡೆ ಯಾರೂ ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಇಟ್ಟು ಕಳಿಸುತ್ತಾರೆ. ಕಟ್ಟೆಯಲ್ಲೂ ಅದೇ ನಡೆಯಿತು. ಒಬ್ಬರು ನಿನ್ನ ಬರಹ ಓದಿ ಮಾತಾಡಿದರೆ, ನೀನು ಅವರ ಮನೆಗೆ ಹೋಗಿ ಓದಿ, ಬಟ್ಟಲು ತುಂಬಿ ಬರಬೇಕು. ಎಲ್ಲರೂ ಹೆಮ್ಮೆಯಿಂದ ಪಾಲಿಸಿದರು.

ಆಮೇಲೆ ಏನಾಯಿತೋ. ಜಗಳವಿಲ್ಲ, ಮುನಿಸಿಲ್ಲ. ಮೊಬೈಲುಗಳು ಬಂದವು, ಒಂದೇ ಸಾಲಿನ ಮಾತುಗಳು ಬಂದವು. ಔರಾದಿನ ಸೆಂಟರಿನಲ್ಲಿ ಕಲಿಯುವವರೇ ಊರು ಬಿಟ್ಟಾಗ ಗೋರಖನಾಥನೂ ಬಾಗಿಲು ಎಳೆದುಕೊಂಡು ಪುಣೆಯ ಒಂದು ಛಾಪಖಾನೆಗೆ ಮುದ್ರಣದ ಕೆಲಸಕ್ಕೆ ಹೋದ. ಅದಕ್ಕೂ ಮೊದಲೇ ಅಂಜನಾ ಸುಮ್ಮನಾಗಿದ್ದಳು. ಸುಮಿತ್ರಾಳ ಹಳೆಯ ಬರಹವೊಂದರ ಕೆಳಗೆ ಅವಳ ಕೊನೆಯ ಸಾಲು ಇತ್ತು: “ಓದಿದೆ ಅಕ್ಕಾ. ನಿಮ್ಮ ಬಟ್ಟಲ ನನ್ನ ಹತ್ರೇ ಅದಾ. ತುಂಬಿ ತರ್ತೇನಿ.” ತಂದಿರಲಿಲ್ಲ.

ಸುಮಿತ್ರಾ ಅಂದು ತನ್ನ ಹಳೆಯ ಬರಹವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಡುವೆ ಒಮ್ಮೆಯೂ ತಲೆ ಎತ್ತಲಿಲ್ಲ. ಓದಿ ಮುಗಿದ ಮೇಲೆ ಅವಳಿಗೆ ಖಚಿತವಾಯಿತು: ಈ ಕಟ್ಟೆ ಮತ್ತೆ ಕೂಡಿದರೆ ತನ್ನ ತಲೆಗೆ ಕುಳಿತುಕೊಳ್ಳಲು ಒಂದು ಜಾಗ ಸಿಗುತ್ತದೆ. ಸಿಗದಿದ್ದರೆ ಸುಟ್ಟ ಹಾಲಿನ ಪಾತ್ರೆಯ ಗತಿಯೇ.

ಆದರೆ ಕಟ್ಟೆಯನ್ನು ಕೂಡಿಸಲು ಅವಳು ಮಾಡಿದ್ದೇನು? ಇನ್ನೊಂದು ವಾಟ್ಸಪ್ ಗ್ರೂಪು.

ನಂಬರುಗಳನ್ನು ಅವರಿವರಿಂದ ಕೇಳಿ ಒಟ್ಟುಮಾಡಿ, ‘ಮೂರೂರ ಕಟ್ಟಿ’ ಎಂದು ಹೆಸರಿಟ್ಟಳು. ಮೊದಲ ದಿನ ಹಬ್ಬ. ಪುಣೆಯ ಕಾಕಾ ಬಂದ, ಕಮಠಾಣದ ಹುಡುಗಿ ಬಂದಳು. ಅವಳಿಗೆ ಈಗ ಎರಡು ಮಕ್ಕಳು. ಗೋರಖನಾಥ ಮಷಿನ್ನಿನ ಸದ್ದಿನ ನಡುವೆಯೇ ದನಿ ಕಳಿಸಿದ: “ಅಗಾ ತಂಗೀ! ನಂಗ ಕಣ್ಣಾಗ ನೀರು ಬಂದುವು ನೋಡ್ ಮತ್ತ. ಮಷಿನ್ ಬಂದ್ ಮಾಡಿ ಕುಂತೀನಿ. ಸೇಠ್ ಬೈಲತ್ತಾನ, ಬೈಲಿ ತಗೋ.” ಸುಮಿತ್ರಾ ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು. ಬಟ್ಟಲು ಖಾಲಿ ಕಳಿಸುವ ಹಾಗಿಲ್ಲವಲ್ಲ.

ಎರಡನೆಯ ದಿನ ಗುಲಾಬಿ ಹೂವಿನ ಶುಭೋದಯಗಳು ಬಂದವು. ಆಮೇಲೆ ಬಾವಿಗೆ ಬಿದ್ದ ಹಾವಿನ ವಿಡಿಯೊ. ಬೀದರಿಗೂ ನೀರಿನ ರೈಲು ಬರುತ್ತದಂತೆ ಎಂದು ಒಬ್ಬರು, ಇಲ್ಲ ಅದು ಸುಳ್ಳು ಎಂದು ಇನ್ನೊಬ್ಬರು, ಯಾರದು ಸುಳ್ಳು ಎಂದು ಮೂವರು. ಬರಹ ಒಂದೂ ಇಲ್ಲ. ಆದರೂ ಸುಮಿತ್ರಾ ಪ್ರತಿ ಗುಲಾಬಿಗೂ ಉತ್ತರ ಬರೆದಳು, ಒಬ್ಬರಿಗೆ ಬರೆದು ಇನ್ನೊಬ್ಬರಿಗೆ ಬಿಟ್ಟರೆ ಬೇಜಾರಾದೀತೆಂದು. ಹಿಟ್ಟಿನ ಕೈಯಲ್ಲೇ ಬರೆದಳು. ಅಂಬಿಕಾ ನೋಡಿ ನೋಡಿ, “ಮಮ್ಮೀ, ಡಾಕ್ಟರ್ ಮಂದೀನ ಕಳಸ್ರಿ ಅಂದ್ರ, ನೀ ಮತ್ತಷ್ಟು ಮಂದೀನ ಕರದು ಕುಂದರಿಸ್ಲತ್ತಿ!” ಎಂದಳು.

ಎಲ್ಲಕ್ಕಿಂತ ಚುಚ್ಚಿದ್ದು ಬೇರೆ. ಅಂಜನಾ ಸೇರಿದ ದಿನವೇ ಗ್ರೂಪು ಬಿಟ್ಟು ಹೋಗಿದ್ದಳು. ಒಂದು ಮಾತಿಲ್ಲ. ಹೋದಳೆಂದು ಬೂದು ಬಣ್ಣದ ಒಂದು ಸಾಲು ಮಾತ್ರ.

ಆ ವಾರವೇ ಒಂದು ಬೆಳಿಗ್ಗೆ ಸುಮಿತ್ರಾ ಗೋರಖನಾಥನಿಗೆ ಉದ್ದನೆಯ ಉತ್ತರ ಬರೆಯುತ್ತಿದ್ದಳು. ಪರದೆಯ ಮೇಲೆ ಕರೆಯೊಂದು ಬಂದು ಅವಳ ಸಾಲನ್ನು ಮುಚ್ಚಿತು. ‘ಇದೊಂದು ಮುಗಿಸಿ ಮಾಡ್ತೀನಿ’ ಎಂದುಕೊಂಡು ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು. ಮುಗಿಸುವುದರೊಳಗೆ ಗುಲಾಬಿಗಳು ಬಂದವು. ಕರೆಯ ನೆನಪು ಹಾರಿಹೋಯಿತು.

ಅದು ಉಸ್ಮಾನ ಮಿಯಾನ ಕರೆ. ಓಣಿಯ ಬಾಯಿಗೆ ಬಂದು ಹಾರ್ನ್ ಹೊಡೆದಿದ್ದನಂತೆ. ಬಾಗಿಲಲ್ಲಿ ಒಂದೂ ಕೊಡ ಕಾಣದೆ, ಇವರಿಗೆ ಇಂದು ನೀರು ಬೇಡವೇನೋ ಎಂದು ಮುಂದಿನ ಓಣಿಗೆ ಹೋಗಿ ಸುರಿದುಬಿಟ್ಟಿದ್ದ. ಅವನ ಮುಂದಿನ ಪಾಳಿ ಬರಲು ಇನ್ನೂ ದಿನಗಳಿದ್ದವು.

ಹೆಂಗಸರು ಅವಳ ಬಾಗಿಲಿಗೆ ಬಂದು ನಿಂತರು. ಎದುರು ಮನೆಯ ರುಕ್ಮಿಣಿಬಾಯಿ ಖಾಲಿ ಕೊಡವನ್ನು ಸೊಂಟದಲ್ಲೇ ಇಟ್ಟುಕೊಂಡಿದ್ದಳು.

“ಏನ್ರಿ ಸುಮಿತ್ರಾಬಾಯಿ, ಫೋನ್ನ್ಯಾಗೇ ನೀರು ಬರ್ಲತ್ತಾವೇನು? ಬರ್ತಿದ್ರ ಹೇಳ್ರಿ, ಕೊಡಾ ಅಲ್ಲೇ ಹಚ್ಚತೀವಿ.”

“ತಪ್ಪಾಯ್ತು ರುಕ್ಮಿಣಕ್ಕಾ. ಲಕ್ಷ್ಯಾ ಇರ್ಲಿಲ್ಲ.”

“ನಿಮ್ಮ ಲಕ್ಷ್ಯಾದಾಗ ನಾವು ಕೈಕಾಲು ತೊಳಿಲಿಕ್ಕಾಗ್ತದೇನ್ರಿ?”

ಸುಮಿತ್ರಾ ಒಳಗೆ ಹೋದಳು. ತನ್ನ ಮನೆಯ ಡ್ರಮ್ಮಿನಲ್ಲಿದ್ದ ನೀರನ್ನು ತಂಬಿಗೆಯಿಂದ ಅಳೆದು ಮನೆಮನೆಗೆ ಹಂಚಿದಳು. ಎಲ್ಲರೂ ಹೋದ ಮೇಲೆ ಡ್ರಮ್ಮಿನ ತಳದಲ್ಲಿ ಕೆಂಪು ಕೆಸರು ಉಳಿದಿತ್ತು. ಅಲ್ಲಿಯೇ ಗೋಡೆಗೆ ಒರಗಿ ಕುಳಿತಳು. ಇನ್ನು ಕಟ್ಟೆಯೂ ಬೇಡ, ಬರಹವೂ ಬೇಡ ಎಂದುಕೊಂಡಳು. ಮನೆಯವರ ಹೊಟ್ಟೆ, ಓಣಿಯವರ ನೀರು, ಇಷ್ಟನ್ನೇ ನೆಟ್ಟಗೆ ನೋಡಿಕೊಳ್ಳಲಾಗದವಳಿಗೆ ಊರೂರಿನವರನ್ನು ಕೂಡಿಸುವ ಉಸಾಬರಿ ಏಕೆ?

ಆಗ ಪಕ್ಕದ ಮನೆಯ ಖುರ್ಷಿದ ಬೇಗಂ ಒಳಗೆ ಬಂದರು. ವಯಸ್ಸಿನಲ್ಲಿ ಹಿರಿಯರು, ಮಂಡಿನೋವಿನಿಂದ ನಿಧಾನ ನಡೆಯುವವರು. ಕೈಯಲ್ಲಿ ಸ್ಟೀಲಿನ ಬಟ್ಟಲು.

“ತಗೊ. ಖಿಚಡಿ ಅದಾ, ಮ್ಯಾಲ ಖಟ್ಟಾ ಹಾಕೀನಿ. ತಿಂದು ಕಟೋರಾ ಹಾಂಗೇ ಕೊಟ್ಟುಬಿಡು. ತೊಳಿಬ್ಯಾಡ.”

“ಅಯ್ಯ ಆಪಾ, ಎಂಜಲ ಬಟ್ಟಲ ಹ್ಯಾಂಗ ಕೊಡ್ಲಿ? ಅದೂ ಖಾಲಿ?”

“ನೀ ಒಮ್ಮಿ ತೊಳಿ, ಮತ್ತ ನಾ ಒಮ್ಮಿ ತೊಳೀಲಿ, ಒಂದು ಕಟೋರಕ್ಕ ಎರಡು ಮನಿ ನೀರು ಯಾಕ? ನಾ ಬೂದಿ ಹಚ್ಚಿ ತಿಕ್ಕೋತೀನಿ.”

“ತೊಳೀದು ಇರ್ಲಿರಿ. ಖಾಲಿ ಕಳಸೋದು ನಮ್ಮನಿ ರಿವಾಜ್ ಅಲ್ಲ ಆಪಾ.”

“ನಮ್ದೂ ಅಲ್ಲ. ನಮ್ಮ ಅಮ್ಮೀ ಇದ್ದಿದ್ರ ಖಾಲಿ ಕಟೋರಾ ನೋಡಿ ಮಾತೇ ಬಿಡ್ತಿದ್ದಳು.” ಖುರ್ಷಿದ ಬೇಗಂ ಮಂಡಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕುಳಿತರು. “ಖರೇ ಈ ವರ್ಷ ಕಟೋರಕ್ಕ ಮಾಫಿ ಅದಾ ಬೇಟಾ. ಖಾಲಿ ಕೊಡ್ತಿ ಅಂತ ನಾ ಕೊಡೋದು ಬಿಡ್ಲಾ? ನಾಚಿಕಿ ಬಂತು ಅಂತ ನೀ ತಗೊಳೋದು ಬಿಡ್ತಿಯಾ? ಹಂಗ ಮಾಡಿದ್ರ ಇಬ್ರ ಮನಿ ಬಾಗಿಲೂ ಬಂದ್. ಮಳಿ ಬರಲಿ, ಆವಾಗ ತುಂಬಿ ಕೊಡು. ಈಗ ತಿನ್ನು, ಆರ್ತದ.”

ಸುಮಿತ್ರಾ ತಿಂದಳು. ಹುಣಸೆಯ ಖಟ್ಟಾ ನಾಲಿಗೆಗೆ ತಾಗಿದಾಗ ಕಣ್ಣು ತುಂಬಿ ಬಂದವು, ಹುಳಿಗೋ ಮತ್ತೇತಕ್ಕೋ. ಬಟ್ಟಲಿನ ಅಂಚಿಗೆ ಅಂಟಿದ ಅಗುಳನ್ನೂ ಬೆರಳಿನಿಂದ ಬಳಿದು, ಹಾಗೆಯೇ ಅವರ ಕೈಗೆ ಕೊಟ್ಟಳು. ಕೊಡುವಾಗ ಕೈ ಸ್ವಲ್ಪ ತಡೆಯಿತು. ಖುರ್ಷಿದ ಬೇಗಂ ಅದನ್ನು ಕಿತ್ತುಕೊಂಡವರ ಹಾಗೆ ತೆಗೆದುಕೊಂಡು ಹೊರಟೇಹೋದರು.

ಗ್ರೂಪನ್ನು ಮುಚ್ಚುವ ಮೊದಲು ಅಂಜನಾಳನ್ನು ಒಮ್ಮೆ ನೋಡಿ ಬರಬೇಕೆನಿಸಿತು. ಫೋನು ಬೇಡ, ಎದುರಿಗೇ ಕೇಳಬೇಕು. ಓಣಿಯ ಕೂಗಿನ ಕೆಲಸವನ್ನು ಒಂದು ದಿನದ ಮಟ್ಟಿಗೆ ಅಂಬಿಕಾಳಿಗೆ ಒಪ್ಪಿಸಿ ಭಾಲ್ಕಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಎರಡೂ ಬದಿಗೆ ಬಿಸಿಲು ಬಿಳಿಚಿ ಬಿದ್ದಿತ್ತು. ಎದುರಿನಿಂದ ಬರುವ ಬಸ್ಸುಗಳ ಮೇಲೆ ಹಾಸಿಗೆಯ ಸುರುಳಿಗಳು, ಪಾತ್ರೆಯ ಚೀಲಗಳು. ಹೈದರಾಬಾದಿಗೆ ಹೊರಟ ಮಂದಿ.

ಅಂಜನಾ ಪಡಸಾಲೆಯಲ್ಲಿ ಕುಳಿತು ತೊಗರಿಬೇಳೆಯ ಹರಳು ಆರಿಸುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತವಳನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು, ಆಮೇಲೆ ಮೊರವನ್ನು ಅಲ್ಲೇ ಬಿಟ್ಟು ಎದ್ದಳು.

“ಅಕ್ಕಾ! ನೀವೇನ್ರಿ? ಜೈಭೀಮ್, ಬರ್ರಿ ಬರ್ರಿ ಒಳಗ.”

“ಶರಣು ಶರಣು. ಬಂದೀನಿ ನೋಡು, ಹೇಳ್ದೆ ಕೇಳ್ದೆ.”

ಬುದ್ಧನ ಮತ್ತು ಬಾಬಾಸಾಹೇಬರ ಪಟದ ಕೆಳಗೆ ಚಾಪೆ ಹಾಸಿದಳು. ಆ ವರ್ಷ ಯಾರ ಮನೆಗೆ ಹೋದರೂ ನೀರು ಕಟ್ಟಿಕೊಂಡೇ ಹೋಗುತ್ತಿದ್ದರು. ಸುಮಿತ್ರಾ ಚೀಲದಿಂದ ಬಾಟಲಿ ತೆಗೆದದ್ದನ್ನು ನೋಡಿ ಅಂಜನಾಳ ಹುಬ್ಬು ಗಂಟಾಯಿತು.

“ಬಾಟ್ಲಿ ಒಳಗಿಡ್ರಿ. ನಮ್ಮನಿಗಿ ಬಂದು ನಿಮ್ಮ ನೀರು ಕುಡೀತೀರಾ? ಅಷ್ಟು ಬರಾ ಬಂದಿಲ್ಲ.”

ಅರ್ಧ ಲೋಟ ನೀರು, ಒಂದು ಚೂರು ಬೆಲ್ಲ ತಂದಿಟ್ಟಳು. ಸುಮಿತ್ರಾ ಬೆಲ್ಲ ಬಾಯಿಗೆ ಹಾಕಿಕೊಂಡು ಸುತ್ತಿ ಬಳಸದೆ ಕೇಳಿದಳು.

“ಗ್ರೂಪ್ ಯಾಕ ಬಿಟ್ಟಿ ಅಂಜನಾ? ನನ್ನ ಮ್ಯಾಲ ಸಿಟ್ಟೇನು?”

“ಸಿಟ್ಟ್ಯಾಕ ಅಕ್ಕಾ.” ಅಂಜನಾ ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡಳು. “ಬಾಗಲಾ ತಗ್ಯಾದ್ರೊಳಗ ಅಷ್ಟು ಮಂದಿ ಅಷ್ಟು ಬಟ್ಟಲ ತಂದು ಇಟ್ರಲ್ಲ. ಯಾರ ಬಟ್ಟಲಕ್ಕ ಏನ್ ಹಾಕಿ ಕೊಡ್ಲಿ? ನಿಮ್ಮ ಹಳಿ ಬಟ್ಟಲೇ ಇನ್ನಾ ನನ್ನ ಬಲ್ಲಿ ಉಳದದ.”

“ಅದು ನಿಂಗ ನೆನಪದಾ?”

“ಇರಲ್ಲೇನು? ಆಮ್ಯಾಲ ನೀವು ಬರದಿದ್ದು ಒಂದೂ ಬಿಟ್ಟಿಲ್ಲ. ಎಲ್ಲಾ ಓದೀನಿ. ಅಂಬಿಕಾ ಕನ್ನಡಿ ಒಡದು ನಿಮ್ಮ ಸೀರ್ಯಾಗ ಮುಚ್ಚಿಟ್ಟಿದ್ದು, ಔರಾದದಾಗ ನಿಮ್ಮ ಅಪ್ಪಾಜಿ ಹ್ವಾದಾಗ ಬರದಿದ್ದು. ಅದನ್ನ ಓದಿ ದಿನಪೂರ್ತಿ ಅತ್ತೀನಿ.”

ಸುಮಿತ್ರಾಳಿಗೆ ನೆನಪಾಯಿತು. ಅಪ್ಪ ಹೋದಾಗ ಬರೆದದ್ದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ಇನ್ನು ಯಾರೂ ಓದುವುದಿಲ್ಲ ಎಂದುಕೊಂಡು ಅವಳು ಬರೆಯುವುದನ್ನು ನಿಲ್ಲಿಸಿದ್ದು ಆ ಬರಹದ ನಂತರವೇ.

“ಓದಿದ್ರ ಒಂದು ಅಕ್ಷರ ಬರೀಬಾರ್ದಾಗಿತ್ತೇನು ಅಂಜನಾ? ಓದಿದೆ ಅಂತನಾದ್ರೂ?”

“ಬರೀ ಓದಿದೆ ಅಂತ ಹ್ಯಾಂಗ ಬರೀಲಿ? ಖಾಲಿ ಬಟ್ಟಲ ಕೊಟ್ಟಂಗ ಆಗ್ತಿತ್ತು.” ಅವಳ ಬೆರಳು ಬೇಳೆಯಲ್ಲಿ ಸುಮ್ಮನೆ ಓಡಾಡುತ್ತಿತ್ತು. “ಇಲ್ಲೇ ಬಾಜೂ ಭಾತಂಬ್ರಾ ಸಾಲಿಗಿ ವರ್ಗಾ ಆಗಿ ಬಂದೆನಲ್ಲ, ಮೊದಲ ನಾ ಬರೀತಿದ್ದದ್ದೇ ಹುಡುಗರ ಮಾತು. ಒಂದು ದೀಪಾವಳಿ ಆದ ಮ್ಯಾಲ ಹಿಂದಿನ ಬೆಂಚಿನ ಸಾಲು ಖಾಲಿ. ಹುಡುಗರು ಕೂಲಿಗಿ ಹೊಂಟ ಅಪ್ಪಾ ಅವ್ವನ ಸಂಗಾಟ ಪುಣಾಕ್ಕ ಹ್ವಾದ್ರು. ಮುಂದಿನ ವರ್ಷ ಮತ್ತ ಒಂದು ಸಾಲು. ಹಾಜರಿ ಕೂಗಾಗ ‘ಹ್ವಾದ್ರೀ ಬಾಯಿ, ಅಂವ ಹ್ವಾದ’ ಅಂತ ಉಳಿದವರು ಹೇಳೋರು. ಮನಿಗಿ ಬಂದು ಏನ್ ಬರೀಲಿ ಅಕ್ಕಾ? ಎಲ್ಲಾರೂ ಹುಗ್ಗಿ, ಪಲ್ಯ ತುಂಬಿ ತರ್ಲತ್ತಾರ. ನಾ ಒಬ್ಬಾಕಿ ಇದನ್ನ ತಂದು ಇಡ್ಲೇನು? ಇಂದಲ್ಲ ನಾಳಿ ಚಲೋದು ಏನರೆ ಸಿಗ್ತದ, ತುಂಬಿ ಒಯ್ತೀನಿ ಅಂತ ಕುಂತೆ. ಕುಂತೇ ಬಿಟ್ಟೆ.”

ಹೊರಗೆ ಯಾರೋ ಖಾಲಿ ಬಿಂದಿಗೆ ದಡಬಡ ಎಳೆದುಕೊಂಡು ಹೋದರು. ಪುಣೆಯ ಕಾಕಾ, ಹೈದರಾಬಾದಿನ ಗಾರೆಯವನು, ಕಮಠಾಣದ ಹುಡುಗಿ, ಒಬ್ಬೊಬ್ಬರೇ ಸುಮಿತ್ರಾಳಿಗೆ ಕಂಡರು. ಎಲ್ಲರ ಕೈಯಲ್ಲೂ ಒಂದೊಂದು ಬಟ್ಟಲು, ಎಲ್ಲರೂ ತಂತಮ್ಮ ಬಾಗಿಲ ಹಿಂದೆ. ಎಷ್ಟು ಪ್ರೀತಿಯಿಂದ ಕಟ್ಟಿಕೊಂಡ ರಿವಾಜು ಅದು! ಅದಕ್ಕೇ ಯಾರಿಗೂ ಅದರ ಮೇಲೆ ಅನುಮಾನ ಬಂದಿರಲಿಲ್ಲ.

“ನಮ್ಮ ಬಾಜೂ ಮನಿ ಖುರ್ಷಿದ ಆಪಾ ಏನ್ ಮಾಡಿದ್ರು ಗೊತ್ತದಾ?” ಎಂದು ಶುರುಮಾಡಿದಳು. ಟ್ಯಾಂಕರು ತಪ್ಪಿದ್ದು, ರುಕ್ಮಿಣಿಬಾಯಿಯ ಮಾತು, ಖಿಚಡಿ, ತೊಳೆಯದ ಬಟ್ಟಲು, ಎಲ್ಲ ಹೇಳಿದಳು. ಫೋನಿನಲ್ಲಿ ನೀರು ಬರುತ್ತದೇನು ಎಂಬಲ್ಲಿ ಅಂಜನಾ ಸೆರಗು ಬಾಯಿಗೆ ಹಿಡಿದು ನಕ್ಕಳು. ಎಂಜಲು ಬಟ್ಟಲು ಕೊಟ್ಟೆ ಎಂಬಲ್ಲಿ ನಗು ನಿಂತಿತು.

“ಖರೇ ಕೊಟ್ರಾ? ಹಾಂಗೇ?”

“ಹಾಂಗೇ ಕೊಟ್ಟೆ. ಅಂಚಿಗಿ ಖಟ್ಟಾ ಹತ್ತಿತ್ತು.”

ಅಂಜನಾ ಮೊರದಿಂದ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟಳು. “ಅಂದ್ರ, ನಾ ಖಾಲಿ ಬಂದ್ರೂ ಒಳಗ ಕರೀತೀರಾ?”

“ಹುಚ್ಚಿ, ಕರೀಲಿಕ್ಕೇ ಬಂದೀನಿ.”

ಇಬ್ಬರೂ ಕೂಡಿ ಬೇಳೆ ಆರಿಸಿ ಮುಗಿಸಿದರು.

ಊರಿಗೆ ಬಂದ ಮೇಲೆ ಸುಮಿತ್ರಾ ಗ್ರೂಪಿನಲ್ಲಿ, “ಇದನ್ನ ಬಂದ್ ಮಾಡ್ಲತ್ತೀನಿ. ಸಿಟ್ಟಿಲ್ಲ. ಹಳಿ ಕಟ್ಟಿಗಿ ಬರ್ರಿ,” ಎಂದು ಬರೆದಳು. ಗೋರಖನಾಥ ಒಬ್ಬನೇ ಫೋನ್ ಮಾಡಿದ.

“ಅಲ್ಲಾ ತಂಗಿ, ಕೂಡ್ಸಿದಾಕಿ ನೀನೇ, ಮುರದಾಕಿ ನೀನೇ! ಇದು ಏನ್ ಲಫಡಾ?”

“ಅಣ್ಣಾ, ನಂಗ ತಲಿ ಹಿಡೀವಲ್ದು. ನಿಮ್ಮೆಲ್ಲಾರ್ನೂ ಒಬ್ಬೊಬ್ಬರಾಗಿ ನೋಡ್ಬೇಕಾಗ್ಯಾದ.”

ಆ ಕಡೆ ಮಷಿನ್ನಿನ ಸದ್ದು ನಿಂತಿತು. ಆಮೇಲೆ ಅವನು ದನಿ ತಗ್ಗಿಸಿ, “ಖರೇ ಹೇಳ್ಲೇನು? ನಂಗೂ ಹಿಡೀವಲ್ದು. ನೀ ಬರಿ, ನಾ ಓದ್ತೀನಿ,” ಎಂದ.

ಬರೆಯಲು ಒಂದು ವಾರ ಹಿಡಿಯಿತು. ಕ್ಯಾಲೆಂಡರಿನ ಏಪ್ರಿಲ್ ಹಾಳೆಯ ಹಿಂದೆ, ಅನ್ನಕ್ಕೆ ಇಟ್ಟು ಎರಡು ಸಾಲು, ಬಟ್ಟೆ ಮಡಿಚಿ ಒಂದು ಸಾಲು. ಟ್ಯಾಂಕರಿನ ಹೊತ್ತಿನಲ್ಲಿ ಹಾಳೆಯನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟುಬಿಡುತ್ತಿದ್ದಳು. ಹೊಸದೇನನ್ನೂ ಕಟ್ಟಲಿಲ್ಲ. ಖುರ್ಷಿದ ಆಪಾ ಬಂದದ್ದು, ಕುಳಿತದ್ದು, ಅಂದದ್ದು ಇಷ್ಟೇ. ಕೊನೆಗೆ ಹೀಗೆ ಸೇರಿಸಿದಳು: ‘ಮಳೆ ಬರುವ ತನಕ ನಮ್ಮ ಕಟ್ಟೆಯಲ್ಲೂ ಬಟ್ಟಲಿಗೆ ಮಾಫಿ ಇದೆ. ಓದಿದವರು ಏನೂ ತುಂಬಿ ತರಬೇಡಿ. ಬಂದಿದ್ದೆ ಎಂದು ತಿಳಿಸಬೇಕೆನಿಸಿದರೆ ಖಾಲಿ ಎಂದು ಬರೆದು ಹೋಗಿ. ನಾನೂ ನಿಮ್ಮ ಮನೆಗೆ ಹಾಗೆಯೇ ಬಂದು ಹೋಗುತ್ತೇನೆ.’

ಅಂಬಿಕಾ ಹಿಂದೆ ನಿಂತು ಓದಿ, “ಮಮ್ಮೀ, ಯಾರ್ ಬರ್ತಾರ ಈಗ ಇಲ್ಲಿ?” ಎಂದಳು. ಆದರೂ ತಾನೇ ಕೂತು ಟೈಪ್ ಮಾಡಿಕೊಟ್ಟಳು.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸುಮಿತ್ರಾ ಹೋಗಿ ಹೋಗಿ ನೋಡುವುದನ್ನು ಬಿಟ್ಟು ಶೇಂಗಾ ಹಿಂಡಿ ಕುಟ್ಟುತ್ತ ಕುಳಿತಳು. ಸಂಜೆಯ ಕಡೆಗೆ ಮಗಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

ಮೊದಲನೆಯದು ಗೋರಖನಾಥನದು: “ಖಾಲಿ. ಛಾಪಖಾನೆ, ಪುಣಾ.” ಅದರ ಕೆಳಗೆ ಹೆಸರಿಲ್ಲದ ಒಂದು “ಖಾಲಿ”. ಅದರ ಕೆಳಗೆ, “ಖಾಲಿ ರೀ ಅಕ್ಕಾವ್ರೇ. ಸೀತನಿ ಬರದಿದ್ರಲ್ಲ, ಆ ಕಾಕಾ.” ಕಮಠಾಣದ ಹುಡುಗಿಯದು ಒಂದು. ಅವಳು ಎಂದೂ ಹೆಸರು ಕೇಳಿರದವರವು ಇನ್ನಷ್ಟು. ಹೈದರಾಬಾದಿನ ಯಾವುದೋ ಸೈಟಿನಿಂದ, ಕಲ್ಯಾಣದಿಂದ, ಇಷ್ಟು ದಿನ ಸುಮ್ಮನೆ ಓದಿ ಹೋಗುತ್ತಿದ್ದವರು. ಎಲ್ಲಕ್ಕಿಂತ ಕೆಳಗೆ ಅಂಜನಾ: “ಖಾಲಿ ತಂದೀನಿ ಅಕ್ಕಾ. ತೊಳದೂ ಇಲ್ಲ.”

ಸುಮಿತ್ರಾಳ ಕೈ ರೂಢಿಯಿಂದ ಮುಂದೆ ಹೋಯಿತು, ಒಬ್ಬೊಬ್ಬರಿಗೂ ಒಂದು ಮಾತು ಬರೆಯಲು. ಅಷ್ಟರಲ್ಲಿ ಕುಕ್ಕರು ಕೂಗಿತು. ಅವಳು ಕೈ ಹಿಂದೆ ತೆಗೆದುಕೊಂಡು ಎದ್ದು ಒಲೆ ಆರಿಸಿದಳು. ಮತ್ತೆ ಕುಳಿತು ಹಿಂಡಿ ಕುಟ್ಟಿದಳು. ಆ ಖಾಲಿಗಳು ಅಲ್ಲಿಯೇ ಇದ್ದವು, ಯಾವುದೂ ಗುಂಯ್ ಎನ್ನಲಿಲ್ಲ.

ಆ ವರ್ಷ ತಡವಾಗಿಯಾದರೂ ಮಳೆ ಬಂತು. ಬಂದದ್ದು ಎಂಥ ಮಳೆಯೆಂದರೆ ಓಣಿಯ ಗಟಾರು ತುಂಬಿ, ರುಕ್ಮಿಣಿಬಾಯಿಯ ಚಪ್ಪಲಿಗಳು ತೇಲಿಹೋದವು. ಖುರ್ಷಿದ ಬೇಗಂ ಸೇವಿಗೆ ಖೀರು ಕಳಿಸಿದ ಬಟ್ಟಲನ್ನು ಸುಮಿತ್ರಾ ತಿಕ್ಕಿ ತೊಳೆದು, ಗೋಧಿ ಹುಗ್ಗಿ ತುಂಬಿ, ಮೇಲೆ ತುಪ್ಪ ಬಿಟ್ಟು ತಾನೇ ಕೊಟ್ಟು ಬಂದಳು. ಆಪಾ ಮುಚ್ಚಳ ತೆಗೆದು ನೋಡಿ, “ಈಗ ನೋಡು, ನಮ್ಮ ಅಮ್ಮೀ ಮಾತಾಡ್ತಾಳ,” ಎಂದರು. ಓಣಿಯಲ್ಲಿ ಹಳೆಯ ರಿವಾಜು ಮರಳಿತು. ಕಟ್ಟೆಯಲ್ಲಿ ಅದನ್ನು ಮರಳಿ ತರಬೇಕೆಂದು ಯಾರಿಗೂ ನೆನಪಾಗಲಿಲ್ಲ.

ದೀಪಾವಳಿ ಕಳೆದು ಒಂದು ಮಧ್ಯಾಹ್ನ ‘ಭಾಲ್ಕಿ ಪಡಸಾಲಿ’ಯಲ್ಲಿ ಹೊಸ ಬರಹ ಕಾಣಿಸಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಪುಣೆಯಿಂದ ಮರಳಿ ಬಂದದ್ದು, ಹಾಜರಿಯಲ್ಲಿ ತನ್ನ ಹೆಸರು ಕೂಗಿದಾಗ ಹಿಂದಿಯಲ್ಲಿ ಉತ್ತರ ಕೊಟ್ಟು ನಾಚಿಕೊಂಡದ್ದು, ಉಳಿದ ಬೆಂಚುಗಳು ಇನ್ನೂ ಹಾಗೆಯೇ ಇರುವುದು. ಅಂಜನಾ ಏನನ್ನೂ ಸಿಹಿ ಮಾಡಿರಲಿಲ್ಲ. ಸುಮಿತ್ರಾ ಒಲೆಯ ಮುಂದೆ ನಿಂತೇ ಕೊನೆಯ ಸಾಲಿನವರೆಗೂ ಓದಿದಳು. ಹೇಳಬೇಕಾದ ಮಾತುಗಳು ಗಂಟಲವರೆಗೆ ಬಂದಿದ್ದವು, ಎಂಟು ಸಾಲಲ್ಲ, ಎರಡು ಪುಟಕ್ಕಾಗುವಷ್ಟು. ಅವನ್ನೆಲ್ಲ ತನ್ನಲ್ಲೇ ಇಟ್ಟುಕೊಂಡು, ಹಿಟ್ಟಿನ ಬೆರಳನ್ನು ಸೆರಗಿಗೆ ಒರೆಸಿ, ಕೆಳಗೆ ಬರೆದಳು:

“ಖಾಲಿ.”